ಬ್ಯಾಚ್ ಫೈಲ್‌ನಲ್ಲಿ ಡೇಟಾಬೇಸ್ ಬ್ಯಾಕಪ್: ಪಾಸ್‌ವರ್ಡ್‌ನ % ಎಲ್ಲಿ ಹೋಯ್ತು?

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಬ್ಯಾಕಪ್ ತೆಗೆಯೋ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ನೇರವಾಗಿ ಕೊಟ್ಟರೆ ಓಡುತ್ತೆ, ಅದೇ ಸಾಲು ವಿಂಡೋಸ್ ಬ್ಯಾಚ್ ಫೈಲ್‌ನಲ್ಲಿ (ಕಮಾಂಡ್‌ಗಳನ್ನು ಬರೆದಿಟ್ಟು ಓಡಿಸೋ ಫೈಲ್) 'ಆಕ್ಸೆಸ್ ಡಿನೈಡ್' ಅನ್ನುತ್ತೆ ಅಂದ್ರೆ ಮೊದಲು % ನೋಡಿ. ಪಾಸ್‌ವರ್ಡ್ 50%7&9 ಅಂತಿಟ್ಟುಕೊಳ್ಳಿ. ಬ್ಯಾಚ್ ಫೈಲ್ %7 ಅನ್ನು ಏಳನೇ ಆರ್ಗ್ಯುಮೆಂಟ್ (ಫೈಲ್ ಓಡಿಸುವಾಗ ಅದರ ಹೆಸರಿನ ಮುಂದೆ ಕೊಡೋ ಏಳನೇ ಮೌಲ್ಯ) ಅಂತ ಓದುತ್ತೆ. ಅದು ಖಾಲಿ, ಹಾಗಾಗಿ ಉಳಿಯೋದು 50&9. ಕೋಟ್ ಹಾಕದಿದ್ದರೆ & ಬಳಿ ಕಮಾಂಡೇ ಎರಡು ತುಂಡಾಗುತ್ತೆ. ಹಾಗಾಗಿ % ಅನ್ನು ಎರಡು ಸಲ ಬರೆದು, ಕೋಟ್ ಹಾಕಿ. ಸರಿಯಾದ ರೂಪ: "50%%7&9".

ಡಬಲ್ ಕೋಟ್ ಒಳಗೆ & | < > ಸುರಕ್ಷಿತ, ಅಲ್ಲಿ ^ (ಕೋಟ್ ಇಲ್ಲದಾಗ ಇಂಥ ಚಿಹ್ನೆಗಳ ವಿಶೇಷ ಅರ್ಥ ತಡೆಯೋ ಗುರುತು) ಸೇರಿಸಬೇಡಿ; ಅದೂ ಪಾಸ್‌ವರ್ಡ್‌ನ ಭಾಗವಾಗಿಬಿಡುತ್ತೆ. ಡಿಲೇಡ್ ಎಕ್ಸ್‌ಪ್ಯಾನ್ಶನ್ (!ಹೆಸರು! ಅಂತ ಬರೆದ ವೇರಿಯಬಲ್‌ನ ಮೌಲ್ಯವನ್ನು ಸಾಲು ಓಡುವಾಗ ತುಂಬೋ ಸೆಟ್ಟಿಂಗ್) ಆನ್ ಇದ್ದರೆ ! ಕೂಡ ಮಾಯ.

ನನ್ನ ಪ್ರಕಾರ ಪಾಸ್‌ವರ್ಡ್ ಸ್ಕ್ರಿಪ್ಟ್‌ನಲ್ಲಿ ಇರಲೇಬಾರದು. ಬೇರೆ ಆಪ್ಶನ್ ಫೈಲ್‌ನಲ್ಲಿಟ್ಟು (ಮೈಎಸ್‌ಕ್ಯೂಎಲ್ ಓದೋ ಸೆಟ್ಟಿಂಗ್‌ಗಳ ಪಠ್ಯ ಫೈಲ್), ಅದರ ಜಾಗ ತೋರಿಸೋ --ಡಿಫಾಲ್ಟ್ಸ್-ಎಕ್ಸ್‌ಟ್ರಾ-ಫೈಲ್ ಅನ್ನು ಎಲ್ಲಕ್ಕಿಂತ ಮೊದಲ ಆಪ್ಶನ್ ಆಗಿ ಕೊಡಿ. ಅಲ್ಲಿ % ಒಂದೇ ಸಾಕು. ಪಾಸ್‌ವರ್ಡ್‌ನಲ್ಲಿ # ಇದ್ದರೆ ಮಾತ್ರ ಕೋಟ್ ಹಾಕಿ, ಇಲ್ಲದಿದ್ದರೆ ಅಲ್ಲಿಂದಾಚೆ ಕಾಮೆಂಟ್ ಆಗುತ್ತೆ.