ಒಂದು ರೂಢಿ, ಆರು ವಾರ: ನಮ್ಮ ಮ್ಯಾನೇಜರ್‌ಗಳು ಬದಲಾದ ಬಗೆ

“ವಾರಕ್ಕೆ 45 ನಿಮಿಷ ಕೂತು ಮಾತಾಡಿದ್ರೆ ಮ್ಯಾನೇಜರ್ ಆಗಿಬಿಡ್ತಾರಾ ಮೇಡಂ?” ಹೊಸ ಮ್ಯಾನೇಜರ್‌ಗಳು ವಾರಕ್ಕೊಮ್ಮೆ ಸಣ್ಣ ಗುಂಪಿನಲ್ಲಿ ಕೂತು ಅಭ್ಯಾಸ ಮಾಡಲಿ ಅಂತ ನಾನು ಹೇಳಿದಾಗ ನಮ್ಮ ಹಣಕಾಸು ವಿಭಾಗದ ಮುಖ್ಯಸ್ಥರು ಎಲ್ಲರ ಎದುರು ಹೀಗೆ ಕೇಳಿದರು. ಮೀಟಿಂಗ್‌ನಲ್ಲಿದ್ದ ಕೆಲವರು ನಕ್ಕರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮ್ಯಾನೇಜರ್‌ಗಳನ್ನು ತಯಾರು ಮಾಡುವ ಇದೇ ಕೆಲಸಕ್ಕೆ ಹಿಂದಿನ ಎರಡು ವರ್ಷ ಅವರ ಕೈಯಿಂದ ಸಾಕಷ್ಟು ದುಡ್ಡು ಬಿಡಿಸಿದ್ದೆ. ತೋರಿಸಲು ಏನೂ ಇರಲಿಲ್ಲ. ಆ ಪ್ರಶ್ನೆ ಕೇಳಿ ಈಗ ಒಂದೂವರೆ ವರ್ಷ ಆಗಿದೆ. ಕೆಲಸ ಕೈಗೂಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಒನ್-ಟು-ಒನ್ (ಮ್ಯಾನೇಜರ್ ಟೀಮ್‌ನ ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಕೂತು ಮಾತಾಡುವುದು) ಎಂದರೇನು, ಫೀಡ್‌ಬ್ಯಾಕ್ ಹೇಗೆ ಕೊಡಬೇಕು ಅನ್ನುವುದು ಈ ಕೆಲಸದಲ್ಲಿರುವ ನಿಮಗೆ ಗೊತ್ತೇ ಇದೆ. ಅದಕ್ಕೆ ಕೈ ಹಾಕುವುದಿಲ್ಲ. ಮೊದಲು ನಾನು ಎಲ್ಲೆಲ್ಲಿ ಎಡವಿದೆ ಅಂತ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗಿದ್ದು ಅಲ್ಲೇ.

ಮೊದಲ ವರ್ಷ ಹೊರಗಿನ ತರಬೇತುದಾರರನ್ನು ಕರೆಸಿ ಎರಡು ದಿನದ ಕ್ಲಾಸ್ ಮಾಡಿಸಿದೆ. ನಮ್ಮಲ್ಲಿ ಆಗ 14 ಜನ ಹೊಸ ಮ್ಯಾನೇಜರ್‌ಗಳಿದ್ದರು. ವರ್ಷದ ಟ್ರೈನಿಂಗ್ ಬಜೆಟ್‌ನಲ್ಲಿ ಮುಕ್ಕಾಲು ಭಾಗ ಆ ಎರಡು ದಿನಕ್ಕೇ ಹೋಯಿತು. 14 ಜನ ಎರಡು ದಿನ ಕೆಲಸ ಬಿಟ್ಟು ಕೂತರೆ 28 ದಿನದ ಕೆಲಸ ನಿಂತ ಹಾಗೆ. ಆ ಲೆಕ್ಕವನ್ನು ಯಾರೂ ಹಾಕಲಿಲ್ಲ, ನಾನೂ ಹಾಕಲಿಲ್ಲ. ಕೊನೆಯಲ್ಲಿ ತುಂಬಿಸಿದ ಫಾರ್ಮ್‌ಗಳಲ್ಲಿ ಐದಕ್ಕೆ ನಾಲ್ಕೂವರೆ ಅಂಕ ಬಂತು, ನನಗೆ ಖುಷಿಯೋ ಖುಷಿ. ಮೂರು ವಾರ ಬಿಟ್ಟು ಅದೇ ಜನ ತಮ್ಮ ಟೀಮ್ ಜೊತೆ ಮಾತಾಡುವುದನ್ನು ಹತ್ತಿರದಿಂದ ನೋಡಿದೆ. ಏನೂ ಬದಲಾಗಿರಲಿಲ್ಲ. ಹೊಳೆಯಲ್ಲಿ ಹುಣಸೆ ಕಿವುಚಿದ ಹಾಗಾಗಿತ್ತು. ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಎಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು. ಜನರಿಗೆ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ನಡೆ ಬದಲಾಯಿತಾ, ಅದರಿಂದ ಫಲ ಬಂತಾ. ನಾನು ಮೊದಲನೆಯದನ್ನು ಅಳೆದು ಕೈತೊಳೆದುಕೊಂಡಿದ್ದೆ.

ಎರಡನೇ ವರ್ಷ 360 ಡಿಗ್ರಿ ಫೀಡ್‌ಬ್ಯಾಕ್, ಅಂದರೆ ಮೇಲಿನವರು, ಕೆಳಗಿನವರು, ಜೊತೆಯವರು ಎಲ್ಲರೂ ಹೆಸರು ಹೇಳದೆ ಒಬ್ಬ ಮ್ಯಾನೇಜರ್ ಬಗ್ಗೆ ಬರೆಯುವುದು. ಸಾಫ್ಟ್‌ವೇರ್‌ಗೆ ಇಡೀ ವರ್ಷದ ದುಡ್ಡು ಮುಂಗಡ ಕಟ್ಟಿದೆವು. ಐದನೇ ತಿಂಗಳಿಗೆ ನಿಲ್ಲಿಸಿದೆವು, ಉಳಿದ ದುಡ್ಡು ವಾಪಸ್ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಜನರಿಗೆ ಆದ ಹಾನಿ ನೋಡಿ. ಒಬ್ಬ ಮ್ಯಾನೇಜರ್ ಎರಡು ವಾರ ಪೂರ್ತಿ ‘ಈ ಸಾಲು ಯಾರು ಬರೆದಿರಬಹುದು’ ಅಂತ ಹುಡುಕುವುದರಲ್ಲೇ ಕಳೆದರು. ಬರೆದವನು ಇವನೇ ಅಂತ ತೀರ್ಮಾನಿಸಿ ಒಬ್ಬ ಹುಡುಗನ ಜೊತೆ ಮಾತು ಬಿಟ್ಟರು. ಅವನು ಬರೆದೇ ಇರಲಿಲ್ಲ. ಕ್ಲೂಗರ್ ಮತ್ತು ಡೆನಿಸಿ ಎಂಬ ಇಬ್ಬರು ಸಂಶೋಧಕರು 1996ರಲ್ಲಿ ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಕೆಟ್ಟಿತ್ತು. ಇದನ್ನು ಮೊದಲೇ ಓದಿದ್ದರೆ ಆ ಹುಡುಗನಿಗೆ ಆ ಸಂಕಟ ತಪ್ಪುತ್ತಿತ್ತು.

ಆಮೇಲೆ ಕೆಲವು ತಿಂಗಳು ಖರ್ಚಿಲ್ಲದ ಒಂದು ದಾರಿ ನೋಡಿದೆ. ಒಳ್ಳೆಯ ಮ್ಯಾನೇಜರ್‌ಗೆ ಇರಬೇಕಾದ ಗುಣಗಳು ಅಂತ ಒಂದು ಪಟ್ಟಿ ಮಾಡಿ ಎಲ್ಲರಿಗೂ ಹಂಚಿದೆ. ತಾಳ್ಮೆ, ಧೈರ್ಯ, ನ್ಯಾಯ, ನಂಬಿಕೆ, ವಿನಯ. ಎಲ್ಲರೂ ಒಪ್ಪಿದರು, ಯಾರೂ ಏನೂ ಮಾಡಲಿಲ್ಲ. ಒಂದು ದಿನ ಡಿಸ್‌ಪ್ಯಾಚ್ ನೋಡಿಕೊಳ್ಳುವವರೊಬ್ಬರು ನನ್ನ ಹತ್ತಿರ ಬಂದು ಬಹಳ ಪ್ರಾಮಾಣಿಕವಾಗಿ ಕೇಳಿದರು: “ಮೇಡಂ, ತಾಳ್ಮೆ ಬೆಳೆಸಿಕೊಳ್ಳಿ ಅಂದ್ರಿ. ಸರಿ. ನಾಳೆ ಬೆಳಗ್ಗೆ ಬಂದು ನಾನು ಏನು ಮಾಡಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಪಟ್ಟಿಯ ಒಂದೊಂದೇ ಗುಣವನ್ನು ಬಿಡಿಸಿದೆ. ಎದುರಿಗಿದ್ದವರ ಕಣ್ಣಿಗೆ ಕಾಣುವ ಒಂದು ಕೆಲಸವಾಗಿ ಪ್ರತಿ ಗುಣವೂ ಇಳಿಯಬೇಕು ಅಂತ ಹಟ ಹಿಡಿದೆ. ತಾಳ್ಮೆ ಅಂದರೆ, ಎದುರಿನವರು ಮಾತು ಮುಗಿಸುವ ತನಕ ನಡುವೆ ಬಾಯಿ ಹಾಕದಿರುವುದು. ನಂಬಿಕೆ ಅಂದರೆ, ಹೇಳಿದ ದಿನಕ್ಕೆ ಕೆಲಸ ಆಗುವುದಿಲ್ಲ ಅಂತ ಗೊತ್ತಾದರೆ ಆ ದಿನ ಬರುವ ಮೊದಲೇ ಹೇಳುವುದು. ಧೈರ್ಯ ಅಂದರೆ, ಕೆಟ್ಟ ಸುದ್ದಿಯನ್ನು ಅದೇ ದಿನ ಮೇಲಿನವರಿಗೆ ಮುಟ್ಟಿಸುವುದು. ನ್ಯಾಯ ಅಂದರೆ, ಯಾರಿಗೂ ಬೇಡವಾದ ಕೆಲಸ ಈ ತಿಂಗಳು ಯಾರ ಪಾಲಿಗೆ ಎಷ್ಟು ಸಲ ಬಂತು ಅಂತ ಬರೆದಿಡುವುದು. ವಿನಯ ಅಂದರೆ, ‘ಆ ನಿರ್ಧಾರ ನನ್ನದು, ತಪ್ಪಾಯಿತು’ ಅಂತ ಟೀಮ್ ಎದುರಿಗೇ ಹೇಳುವುದು. ಇದರಲ್ಲಿ ಒಂದೇ ಒಂದನ್ನು ಒಬ್ಬರು ಆರು ವಾರ ರೂಢಿಯಾಗಿ ಮಾಡಬೇಕು. ಎರಡು ಬೇಡ. ಎರಡು ಕೊಟ್ಟು ನೋಡಿದ್ದೇನೆ, ಎರಡೂ ಬಿದ್ದು ಹೋಗುತ್ತವೆ.

ವಾರದ 45 ನಿಮಿಷದ ರೂಪ ಎಲ್ಲಿಂದ ಬಂತು ಅಂದರೆ, ಎರಡನೇ ಮಹಾಯುದ್ಧದ ಕಾಲದಿಂದ. ಅಮೆರಿಕದಲ್ಲಿ 1940ರಿಂದ 1945ರವರೆಗೆ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಅಂತ ಒಂದು ಸರ್ಕಾರಿ ಕಾರ್ಯಕ್ರಮ ನಡೆಯಿತು. ಕಾರ್ಖಾನೆಗಳಿಗೆ ಹೊಸಬರು ದಂಡು ದಂಡಾಗಿ ಬರುತ್ತಿದ್ದರು, ಸೂಪರ್‌ವೈಸರ್‌ಗಳನ್ನು ಬೇಗ ತಯಾರು ಮಾಡಬೇಕಿತ್ತು. ಎರಡೆರಡು ಗಂಟೆಯ ಐದು ಬೈಠಕ್, ಒಂದು ಗುಂಪಿಗೆ ಸುಮಾರು ಹತ್ತು ಜನ, ಅಷ್ಟೇ. ಪ್ರತಿಯೊಬ್ಬರೂ ತಮ್ಮ ವಿಭಾಗದ ನಿಜವಾದ ಒಂದು ಸಮಸ್ಯೆ ತರಬೇಕು. ಜನರ ಜೊತೆಗಿನ ತೊಡಕುಗಳಿಗೆ ಅವರು ಇಟ್ಟಿದ್ದ ಹೆಜ್ಜೆಗಳು ನಾಲ್ಕು. ಸಂಗತಿ ಕಲೆಹಾಕು, ತೂಗಿ ನೋಡಿ ನಿರ್ಧರಿಸು, ಮಾಡು, ಮಾಡಿದ್ದರ ಫಲ ಏನಾಯಿತು ನೋಡು. ನಮ್ಮ ಕಾಲದ ಎಷ್ಟೋ ದುಬಾರಿ ಕ್ಲಾಸ್‌ಗಳಿಗಿಂತ ಇದು ಗಟ್ಟಿ ಅಂತ ನನ್ನ ಅಭಿಪ್ರಾಯ. ನಾನು ಅದರಿಂದ ತೆಗೆದುಕೊಂಡಿದ್ದು ಒಂದೇ. ಕಟ್ಟುಕತೆ ಬೇಡ, ನಿಮ್ಮ ಸ್ವಂತ ಸಮಸ್ಯೆಯನ್ನೇ ತನ್ನಿ.

ನಮ್ಮಲ್ಲಿ ಗುಂಪಿಗೆ ನಾಲ್ಕೈದು ಜನ. ಒಬ್ಬರು ಕಳೆದ ವಾರ ನಡೆದ ಅಥವಾ ಬರುವ ವಾರ ನಡೆಯಬೇಕಾದ ಒಂದು ಮಾತುಕತೆ ತರುತ್ತಾರೆ. ಅದರ ಬಗ್ಗೆ ಹೇಳುವ ಹಾಗಿಲ್ಲ, ಅದನ್ನೇ ಆಡಿ ತೋರಿಸಬೇಕು. ಇದನ್ನು ಪಾಲಿಸಲು ಜನ ಬಹಳ ಒದ್ದಾಡಿದರು. “ನಾನು ಅವರಿಗೆ ಅರ್ಥ ಮಾಡಿಸಿದೆ” ಅನ್ನುತ್ತಾರೆ. ಬಾಯಿಂದ ಬಂದ ಮಾತು ಹೇಳಿ ಅಂದರೆ ನೆನಪಿರುವುದಿಲ್ಲ. ನೆನಪು ಮಾಡಿಸಿದರೆ ಹೊರಗೆ ಬರುವುದು ಇಂಥದ್ದು: “ನೋಡಿ, ಎಲ್ಲಾ ಚೆನ್ನಾಗೇ ಇದೆ, ಸ್ವಲ್ಪ ಅದೊಂದು ಕಡೆ ಗಮನ ಕೊಡಿ.” ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು. ಕೇಳಿದವರಿಗೆ ಯಾವ ಕಡೆ ಅಂತಲೇ ಗೊತ್ತಾಗಿರುವುದಿಲ್ಲ. ಆಗ ಗುಂಪಿನಲ್ಲಿ ಇನ್ನೊಬ್ಬರು ಟೀಮ್‌ನವರ ಜಾಗದಲ್ಲಿ ಕೂರುತ್ತಾರೆ, ಮಾತು ಮತ್ತೆ ಶುರುವಾಗುತ್ತದೆ. ಎಡವಿದ ಕಡೆ ನಿಲ್ಲಿಸುತ್ತೇವೆ, ಅಲ್ಲಿಂದಲೇ ಮತ್ತೆ. ಸಾಮಾನ್ಯವಾಗಿ ಮೂರನೇ ಸಲಕ್ಕೆ ಮಾತು ನೆಟ್ಟಗಾಗುತ್ತದೆ: “ಈ ತಿಂಗಳು ಮೂರು ರಿಪೋರ್ಟ್ ತಡವಾಗಿ ಬಂದಿವೆ. ಅದರಿಂದ ಬಿಲ್ ಹೋಗುವುದು ನಿಂತಿದೆ. ಏನಾಗ್ತಿದೆ, ಹೇಳಿ.”

ಮೊದಲ ಗುಂಪು ಅರ್ಧಕ್ಕೇ ಕೆಟ್ಟಿತು. ಐದು ಜನರಲ್ಲಿ ಇಬ್ಬರು ಮೂರನೇ ವಾರಕ್ಕೆ ಬರುವುದು ಬಿಟ್ಟರು. ರೂಢಿಯನ್ನು ಅವರೇ ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದೆ. ಎಲ್ಲರೂ ತಮಗೆ ಆಗಲೇ ಚೆನ್ನಾಗಿ ಬರುವುದನ್ನೇ ಆರಿಸಿಕೊಂಡಿದ್ದರು! ಎರಡನೇ ಗುಂಪಿಗೆ ನಾನೇ ಆರಿಸಿಕೊಟ್ಟೆ, ಆಗ ಮುಖ ಗಂಟಿಕ್ಕಿಕೊಂಡರು. ಕೊನೆಗೆ ಟೀಮ್‌ನವರನ್ನೇ ಕೇಳಿದೆ. ‘ನಿಮ್ಮ ಮ್ಯಾನೇಜರ್ ಇದರಲ್ಲಿ ಯಾವುದು ಜಾಸ್ತಿ ಮಾಡಿದರೆ ನಿಮ್ಮ ಕೆಲಸ ಹಗುರಾಗುತ್ತದೆ’ ಅಂತ. ಅವರು ಹೇಳಿದ ಮೂರರಲ್ಲಿ ಒಂದನ್ನು ಮ್ಯಾನೇಜರ್ ಆರಿಸುತ್ತಾರೆ. ಆರಿಸಿದ್ದನ್ನು ಟೀಮ್‌ಗೆ ತಾವೇ ಬಾಯಿಬಿಟ್ಟು ಹೇಳುತ್ತಾರೆ. ಎರಡು ವಾರಕ್ಕೊಮ್ಮೆ ಟೀಮ್‌ಗೆ ಒಂದೇ ಪ್ರಶ್ನೆ, ಇದನ್ನು ನೋಡಿದಿರಾ? ಹೌದು, ಇಲ್ಲ, ಸಂದರ್ಭ ಬರಲಿಲ್ಲ. ಅಂಕ ಇಲ್ಲ, ಅಪ್ರೈಸಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಈ ಕೊನೆಯ ಮಾತಿಗೆ ನಾನು ಮೇಲಿನವರ ಜೊತೆ ಎರಡು ಸಲ ಜಗಳ ಆಡಬೇಕಾಯಿತು, ಬಿಡಲಿಲ್ಲ.

ರೂಢಿಯನ್ನು ಬರೆಯುವುದಕ್ಕೂ ಒಂದು ರೀತಿ ಇದೆ. ‘ಹೀಗಾದರೆ, ಹೀಗೆ ಮಾಡುತ್ತೇನೆ’ ಅಂತ ಸಂದರ್ಭವನ್ನೂ ಸೇರಿಸಿ ಬರೆಯಬೇಕು. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬರೀ ‘ಮಾಡುತ್ತೇನೆ’ ಅಂದುಕೊಂಡವರಿಗಿಂತ ಹೀಗೆ ಬರೆದುಕೊಂಡವರು ಹೆಚ್ಚು ಮಾಡಿ ಮುಗಿಸುತ್ತಾರೆ.

ಇದಕ್ಕೆ ನನ್ನ ಅತ್ಯುತ್ತಮ ಉದಾಹರಣೆ ನಮ್ಮ ಅಕೌಂಟ್ಸ್‌ನ ಒಬ್ಬರು. ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ, ಅದಕ್ಕೇ ಪ್ರಮೋಷನ್ ಬಂದಿತ್ತು. ಗೂಗಲ್ ಸುಮಾರು 2009ರಲ್ಲಿ ತನ್ನದೇ ಮ್ಯಾನೇಜರ್‌ಗಳನ್ನು ಅಧ್ಯಯನ ಮಾಡಿ ಒಳ್ಳೆಯವರ ಎಂಟು ನಡೆಗಳನ್ನು ಪಟ್ಟಿ ಮಾಡಿತ್ತು. ಮೊದಲನೆಯದು ಜನರನ್ನು ತಿದ್ದಿ ಬೆಳೆಸುವುದು, ತಾಂತ್ರಿಕ ಪರಿಣತಿ ಎಂಟನೆಯದು. ನಾವೆಲ್ಲ ಪ್ರಮೋಷನ್ ಕೊಡುವುದು ಆ ಎಂಟನೆಯದನ್ನು ನೋಡಿ, ಅಲ್ವಾ? ಇವರ ಟೀಮ್‌ನವರು ಪ್ರತಿಯೊಂದಕ್ಕೂ ಇವರ ಮೇಜಿಗೆ ಬರುತ್ತಿದ್ದರು. ಇವರು ಉತ್ತರ ಹೇಳುತ್ತಿದ್ದರು, ಇಲ್ಲವೇ ಆ ಕೆಲಸವನ್ನೇ ಎಳೆದುಕೊಂಡು ರಾತ್ರಿ ಕೂತು ಮುಗಿಸುತ್ತಿದ್ದರು. ಒಂದು ವಾರ ಎಣಿಸಿ ಅಂದೆ, 30ರ ಮೇಲೆ ಬಂತು. ಅವರು ಬರೆದುಕೊಂಡ ರೂಢಿ: ‘ಯಾರಾದರೂ ಸಮಸ್ಯೆ ಹಿಡಿದು ಬಂದರೆ, ನೀವೇನು ಮಾಡಬೇಕು ಅಂತಿದ್ದೀರಿ ಎಂದು ಮೊದಲು ಕೇಳುತ್ತೇನೆ.’ ಎರಡನೇ ವಾರ ಬಹಳ ಕಷ್ಟಪಟ್ಟರು. ಕೇಳಿದ ಮೇಲೆ ಎದುರಿನವರು ಯೋಚಿಸುವ ಆ ಐದಾರು ಸೆಕೆಂಡ್ ತಡೆಯಲಾಗದೆ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಹಾಗಾಗಿ ಗುಂಪಿನಲ್ಲಿ ಸುಮ್ನೆ ಇರುವುದನ್ನೇ ಅಭ್ಯಾಸ ಮಾಡಿಸಿದೆವು, ಮನಸ್ಸಿನಲ್ಲೇ ಎಂಟರ ತನಕ ಎಣಿಸುತ್ತಾ. ಆರನೇ ವಾರ ಎಣಿಸಿದಾಗ 12 ಇತ್ತೋ 13 ಇತ್ತೋ. ಆಮೇಲೆ ಅವರು ಹತ್ತು ದಿನ ರಜೆ ಹಾಕಿದರು. ಒಂದು ಫೋನೂ ಹೋಗಲಿಲ್ಲ. ಇದು ನನ್ನ ಕೆಲಸ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಇನ್ನೊಬ್ಬರ ವಿಷಯದಲ್ಲಿ ಸೋತೆ. ಮೀಟಿಂಗ್‌ನಲ್ಲಿ ಟೀಮ್‌ನವರ ಮಾತು ಪೂರ್ತಿ ಕೇಳುವುದು ಅವರ ರೂಢಿ. ಅವರು ಕೇಳುತ್ತಿದ್ದರು, ಅದೇ ಮೀಟಿಂಗ್‌ನಲ್ಲಿ ಅವರ ಮೇಲಿನವರು ಎಲ್ಲರ ಮಾತನ್ನೂ ಕತ್ತರಿಸುತ್ತಿದ್ದರು. ನಾಲ್ಕೇ ವಾರಕ್ಕೆ ರೂಢಿ ಸತ್ತಿತು. ಅಲ್ಲಿಂದ ಮುಂದೆ ಮೇಲಿನವರು ಗುಂಪಿಗೆ ಬರದೆ ಕೆಳಗಿನವರನ್ನು ಸೇರಿಸಿಕೊಳ್ಳುವುದಿಲ್ಲ ಅಂತ ನಿಯಮ ಮಾಡಿದೆ. ಇಬ್ಬರು ಮುಖ್ಯಸ್ಥರು ಬರಲ್ಲ ಅಂದರು. ಅವರ ವಿಭಾಗಗಳನ್ನು ಕೈಬಿಟ್ಟೆ.

ನಡುವೆ ಕೆಲವು ಪ್ರಯೋಗ ಮಾಡಿದ್ದೂ ಉಂಟು. ದಿನಾ ಡೈರಿ ಬರೆಸಿದೆ, ಎರಡು ವಾರ ನಡೆಯಿತು, ನಿಂತಿತು. ಮೀಟಿಂಗ್ ರೆಕಾರ್ಡ್ ಮಾಡಿ ಯಾರು ಎಷ್ಟು ಹೊತ್ತು ಮಾತಾಡಿದರು ಅಂತ ಅಳೆದೆ. ನಾನು ಮಾತಾಡುವುದು ಅರ್ಧಕ್ಕಿಂತ ಕಮ್ಮಿ ಅಂದವರು ಮುಕ್ಕಾಲು ಭಾಗ ಮಾತಾಡಿದ್ದರು. ಕಣ್ಣು ತೆರೆಸಿತು ನಿಜ, ಆದರೆ ರೆಕಾರ್ಡ್ ಆಗುತ್ತಿದೆ ಅಂತ ಟೀಮ್‌ನವರು ಮಾತು ಬಿಗಿ ಹಿಡಿದರು, ಕೈಬಿಟ್ಟೆ. ಇಬ್ಬರು ಮ್ಯಾನೇಜರ್‌ಗಳ ಟೀಮ್ ಮೂರು ದಿನ ಅದಲು ಬದಲು ಮಾಡಿಸಿದ್ದು ಮಾತ್ರ ನಿರೀಕ್ಷೆ ಮೀರಿ ಚೆನ್ನಾಗಿತ್ತು. ತಮ್ಮ ಟೀಮ್‌ನಲ್ಲಿ ಕಾಣದ್ದು ಪಕ್ಕದ ಟೀಮ್‌ನಲ್ಲಿ ತಕ್ಷಣ ಕಂಡಿತು. ಆ ಮೂರು ದಿನ ಕೆಲಸ ನಿಧಾನವಾಯಿತು, ಅದಕ್ಕೆ ಬೈಸಿಕೊಂಡೆ. ಮತ್ತೆ ಮಾಡುತ್ತೇನೆ.

ಎರಡು ಸಂಗತಿ ಇಲ್ಲಿ ಬರೆಯುತ್ತಿಲ್ಲ. ಮೊದಲ ದಿನ ಯಾರೂ ಬಾಯಿ ತೆರೆಯದಿದ್ದಾಗ ನಾನು ಕೇಳುವ ಒಂದು ಪ್ರಶ್ನೆ, ಮತ್ತೆ ಯಾರ ಪಕ್ಕ ಯಾರನ್ನು ಕೂರಿಸುತ್ತೇನೆ ಅನ್ನುವ ಲೆಕ್ಕ. ಎರಡೂ ನನ್ನ ವರ್ಷಗಳ ದುಡಿಮೆ, ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ವರ್ಷ ಪೂರ್ತಿ ಇದಕ್ಕೆ ಆದ ಖರ್ಚು, ಜನರ ಸಮಯದ ಬೆಲೆಯನ್ನೂ ಹಿಡಿದರೆ, ಆ ಎರಡು ದಿನದ ಕ್ಲಾಸ್‌ನ ಅರ್ಧ. ಕೈಯಿಂದ ಹೋದ ದುಡ್ಡು ಮಾತ್ರ ನೋಡಿದರೆ ಹತ್ತರಲ್ಲಿ ಒಂದು ಭಾಗವೂ ಇಲ್ಲ. ಈ ಮ್ಯಾನೇಜರ್‌ಗಳ ಕೆಳಗೆ ಸುಮಾರು 90 ಜನ ಇದ್ದಾರೆ. ಹಿಂದಿನ ವರ್ಷ ಅವರಲ್ಲಿ 20 ಜನ ಕೆಲಸ ಬಿಟ್ಟಿದ್ದರು, ಈ ವರ್ಷ 11 ಇರಬೇಕು. ಒಬ್ಬರು ಬಿಟ್ಟು ಹೋದರೆ ಹೊಸಬರನ್ನು ಹುಡುಕಿ, ಕಲಿಸಿ, ವೇಗಕ್ಕೆ ತರುವಷ್ಟರಲ್ಲಿ ಆ ಕೆಲಸದ ನಾಲ್ಕು ತಿಂಗಳ ಸಂಬಳದಷ್ಟು ಹೋಗುತ್ತದೆ ಅಂತ ನಮ್ಮಲ್ಲೇ ಹಾಕಿದ ಲೆಕ್ಕ. ಒಂಬತ್ತು ಜನ ಉಳಿದರೆ ಮೂರು ವರ್ಷದ ಸಂಬಳ ಉಳಿದ ಹಾಗೆ. ಈ ವರ್ಷ ಹೊರಗೆ ಕೆಲಸ ಸಿಗುವುದೂ ಕಮ್ಮಿ ಇತ್ತು, ಪೂರ್ತಿ ನನ್ನಿಂದಲೇ ಅನ್ನುವುದಿಲ್ಲ. ನಾನು ಕೈಬಿಟ್ಟ ಆ ಎರಡು ವಿಭಾಗಗಳಲ್ಲಿ ಮಾತ್ರ ಬಿಟ್ಟು ಹೋದವರ ಸಂಖ್ಯೆ ಹೆಚ್ಚು ಕಡಿಮೆ ಹಾಗೇ ಇತ್ತು. ಈ ಹೋಲಿಕೆಯನ್ನು ಹಣಕಾಸು ಮುಖ್ಯಸ್ಥರಿಗೆ ತೋರಿಸಿದೆ. ಅವರು ಹಾಳೆಯನ್ನು ಎರಡು ಸಲ ನೋಡಿ, “ನಮ್ಮ ನಾಲ್ಕು ಜನಕ್ಕೆ ಯಾವಾಗ ಶುರು ಮಾಡ್ತೀರಿ ಮೇಡಂ?” ಅಂದರು. ನೀವೂ ಬಂದರೆ ಮಾತ್ರ ಅಂದೆ. ಈಗ ಅವರದು ನಾಲ್ಕನೇ ವಾರ.

ಇನ್ನೂ ದಾರಿ ಸಿಗದಿರುವುದು ಒಂದಿದೆ. ಮ್ಯಾನೇಜರ್‌ಗೆ ಮೂರು ಬಗೆಯ ಕೌಶಲ ಬೇಕು ಅಂತ ರಾಬರ್ಟ್ ಕಾಟ್ಜ್ 1955ರಲ್ಲಿ ಬರೆದಿದ್ದರು: ಕೆಲಸದ ತಾಂತ್ರಿಕ ಜ್ಞಾನ, ಜನರನ್ನು ನಡೆಸಿಕೊಳ್ಳುವುದು, ಇಡೀ ಸಂಸ್ಥೆಯನ್ನು ಒಟ್ಟಾಗಿ ಕಾಣುವುದು. ನನ್ನ ಆರು ವಾರದ ರೂಢಿ ಎರಡನೆಯದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಮೂರನೆಯದಕ್ಕೆ ಮಾಡುವುದಿಲ್ಲ. ಅದು ಮಾತುಕತೆ ಆಡಿಸಿ ಬರುವಂಥದ್ದಲ್ಲ. ಈಗ ಮೂವರ ಜೊತೆ ಬೇರೆ ಒಂದು ಶುರು ಮಾಡಿದ್ದೇನೆ. ದೊಡ್ಡ ನಿರ್ಧಾರ ತೆಗೆದುಕೊಂಡ ದಿನವೇ, ಇದರಿಂದ ಬೇರೆ ಯಾವ ವಿಭಾಗಕ್ಕೆ ಏನಾಗಬಹುದು ಅಂತ ಅರ್ಧ ಪುಟ ಬರೆದು ನನ್ನ ಹತ್ತಿರ ಕೊಡುತ್ತಾರೆ. ಮೂರು ತಿಂಗಳು ಬಿಟ್ಟು ಒಟ್ಟಿಗೆ ತೆರೆದು ಓದುತ್ತೇವೆ. ಮೊದಲ ಮೂರು ಹಾಳೆಗಳು ನನ್ನ ಡ್ರಾಯರ್‌ನಲ್ಲಿವೆ, ತೆರೆಯಲು ಇನ್ನೂ ಐದು ವಾರ ಇದೆ.