ಶಾಲೆಯಲ್ಲಿ ಮಕ್ಕಳ ಓದಿಗೆ ಜೊತೆಯಾಗುವುದು ಹೇಗೆ?

ಶಾಲೆಗೆ ಹೋಗಿ ಮಕ್ಕಳಿಗೆ ಏನಾದರೂ ಹೇಳಿಕೊಡಬೇಕು ಎಂದು ಉತ್ಸಾಹದಿಂದ ಬರುವವರಿಗೆ ಕೊರತೆಯಿಲ್ಲ. ಆರನೇ ವಾರವೂ ಬರುವವರು ಮಾತ್ರ ಕಡಿಮೆ. ದಿನಾ ಬರುತ್ತೇನೆಂದು ಹೇಳಿ ತಿಂಗಳೊಳಗೆ ಕಾಣೆಯಾಗುವವರಿಗಿಂತ, ವಾರಕ್ಕೆ ಎರಡೇ ದಿನ, ಮುಕ್ಕಾಲು ಗಂಟೆ, ಹೇಳಿದ ಹೊತ್ತಿಗೆ ಸರಿಯಾಗಿ ಬರುವವರಿಂದ ಶಾಲೆಗೆ ಹೆಚ್ಚು ಉಪಯೋಗ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಹೊಸ ಪಾಠಕ್ಕಿಂತ ಮೊದಲು ಬೇಕಿರುವುದು ಪಕ್ಕದಲ್ಲಿ ಕೂತು ತನ್ನ ಓದನ್ನು ಕೇಳುವ ಒಬ್ಬರು. 40 ಮಕ್ಕಳಿರುವ ತರಗತಿಯಲ್ಲಿ 40 ನಿಮಿಷದ ಪೀರಿಯಡ್ಡನ್ನು ಹಂಚಿದರೆ ಒಂದು ಮಗುವಿನ ಪಾಲಿಗೆ ಬರುವುದು ಒಂದು ನಿಮಿಷ. ಟೀಚರ್ ಎಷ್ಟೇ ಒಳ್ಳೆಯವರಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಬಗ್ಗೆ ಪ್ರಸಿದ್ಧ. ಕಲಿಸುವವರೊಬ್ಬರು ತನ್ನೊಬ್ಬನ ಪಕ್ಕದಲ್ಲೇ ಕೂತಾಗ ಕಲಿತ ಸಾಮಾನ್ಯ ವಿದ್ಯಾರ್ಥಿಯೂ ತರಗತಿಯಲ್ಲಷ್ಟೇ ಕಲಿತ ಶೇ 98ರಷ್ಟು ಮಕ್ಕಳನ್ನು ಮೀರಿಸಿದ ಎಂದು ಅದು ಹೇಳಿತ್ತು. ನಂತರದ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಫಲ ಕಂಡಿಲ್ಲ. ಆದರೆ ಜೊತೆಗೆ ಕೂತು ಕಲಿಸುವುದರಿಂದ ಲಾಭವಿದೆ ಎಂಬುದು ಉಳಿದುಕೊಂಡಿದೆ.

ಒಂದೇ ಕೆಲಸ ಆರಿಸಿಕೊಳ್ಳಿ

ಓದು ಕೇಳುವುದು, ಲೆಕ್ಕಕ್ಕೆ ನೆರವಾಗುವುದು, ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಿ ಪಟ್ಟಿ ಮಾಡುವುದು, ಆಟ ಆಡಿಸುವುದು: ಶಾಲೆಯಲ್ಲಿ ಕೆಲಸ ಬೇಕಾದಷ್ಟಿದೆ. ಮಕ್ಕಳೊಂದಿಗೆ ಮಾತಾಡಲು ಸಂಕೋಚವಿರುವವರು ಪುಸ್ತಕದ ಕೆಲಸ ಹಿಡಿಯಬಹುದು. ಅದೇನೂ ಕಡಿಮೆ ದರ್ಜೆಯ ಸೇವೆಯಲ್ಲ. ಈ ಲೇಖನ ಓದು ಕೇಳುವುದರ ಬಗ್ಗೆ. ವಿಶೇಷ ತರಬೇತಿಯಿಲ್ಲದವರೂ ಚೆನ್ನಾಗಿ ಮಾಡಬಹುದಾದ, ಫಲ ಬೇಗ ಕಾಣುವ ಕೆಲಸ ಇದು.

ಒಂದು ಭೇಟಿಗೆ ಇಬ್ಬರು ಮಕ್ಕಳು ಸಾಕು, ಒಬ್ಬರಿಗೆ 20 ನಿಮಿಷ. ಮೂವರಿಗೆ ಆಸೆಪಟ್ಟರೆ ಕರೆತರುವುದು, ಕೂರಿಸುವುದು, ಪುಸ್ತಕ ಹುಡುಕುವುದರಲ್ಲೇ ಹೊತ್ತು ಹೋಗಿ ಯಾರ ಓದೂ ಮುಗಿಯುವುದಿಲ್ಲ. ಕನಿಷ್ಠ ಒಂದು ಅವಧಿ, ಅಂದರೆ ಮೂರ್ನಾಲ್ಕು ತಿಂಗಳು, ಬಿಡದೆ ಬರಲು ಸಾಧ್ಯವೇ ಎಂದು ಮೊದಲೇ ಕೇಳಿಕೊಳ್ಳಿ. ಆಗದಿದ್ದರೆ ಪುಸ್ತಕಕ್ಕೆ ರಟ್ಟು ಹಾಕುವಂಥ ಒಂದೆರಡು ದಿನದ ಕೆಲಸ ಒಪ್ಪಿಕೊಳ್ಳಿ.

ಮುಖ್ಯೋಪಾಧ್ಯಾಯರನ್ನು ಕಾಣುವಾಗ

ಬೆಳಿಗ್ಗೆ ಪ್ರಾರ್ಥನೆಯ ಹೊತ್ತು, ದಾಖಲಾತಿಯ ವಾರ, ಪರೀಕ್ಷೆಯ ವಾರ ಬೇಡ. ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡು, ಕೊನೆಯ ಗಂಟೆ ಹೊಡೆದ ಮೇಲೆ ಹೋಗುವುದು ಒಳ್ಳೆಯದು. ಒಂದೇ ಪುಟದ ಅರ್ಜಿ ಒಯ್ಯಿರಿ: ಹೆಸರು, ವಿಳಾಸ, ಉದ್ಯೋಗ, ಬರಬಲ್ಲ ದಿನ ಮತ್ತು ವೇಳೆ, ಮಾಡಬಯಸುವ ಕೆಲಸ, ನಿಮ್ಮನ್ನು ಬಲ್ಲ ಇಬ್ಬರ ಹೆಸರು. ಗುರುತಿನ ಚೀಟಿಯ ಪ್ರತಿಯೂ ಇರಲಿ. ಹಿನ್ನೆಲೆ ಪರಿಶೀಲನೆ ಮಾಡಿಸಬೇಕು ಎಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಏನೂ ಕೇಳದೆ ಒಳಗೆ ಬಿಟ್ಟುಕೊಳ್ಳುವ ಶಾಲೆಯ ಬಗ್ಗೆಯೇ ಯೋಚಿಸಬೇಕು.

‘ನಿಮ್ಮ ಮಕ್ಕಳಿಗೆ ಓದೇ ಬರುವುದಿಲ್ಲವಂತೆ’ ಎಂದು ಮಾತು ಶುರುಮಾಡಿದರೆ ಕೆಲಸ ಅಲ್ಲಿಗೇ ಮುಗಿಯಿತು. ‘ಯಾವ ತರಗತಿಯಲ್ಲಿ ಯಾವ ಮಕ್ಕಳಿಗೆ ಒಬ್ಬರು ಪಕ್ಕದಲ್ಲಿ ಕೂತರೆ ನಿಮಗೆ ಅನುಕೂಲ?’ ಎಂದು ಕೇಳಿ. ಮಕ್ಕಳನ್ನು ಆರಿಸುವವರು ಟೀಚರ್, ನೀವಲ್ಲ. ಯಾವ ಪೀರಿಯಡ್ಡಿನಿಂದ ಕರೆದುಕೊಳ್ಳಬಹುದು ಎಂಬುದನ್ನೂ ಅವರೇ ಹೇಳಲಿ. ಆಟದ ಪೀರಿಯಡ್ಡಿನಿಂದ ಎಬ್ಬಿಸಿ ಕರೆತಂದ ಮಗುವಿಗೆ ಓದು ಶಿಕ್ಷೆಯಾಗಿ ಕಾಣುತ್ತದೆ.

ಮೀರಬಾರದ ಗೆರೆಗಳು

ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ. ಜಗಲಿ, ಗ್ರಂಥಾಲಯ, ಬಾಗಿಲು ತೆರೆದ ತರಗತಿಯ ಮೂಲೆ, ಹೀಗೆ ಇನ್ನೊಬ್ಬ ದೊಡ್ಡವರ ಕಣ್ಣಿಗೆ ಬೀಳುವ ಜಾಗವೇ ಆಗಬೇಕು. ಎದುರಿಗೆ ಕೂರುವುದಕ್ಕಿಂತ ಪಕ್ಕದಲ್ಲಿ, ನಡುವೆ ಪುಸ್ತಕವಿಟ್ಟು ಕೂತರೆ ಇಬ್ಬರಿಗೂ ಅಕ್ಷರ ನೇರವಾಗಿ ಕಾಣುತ್ತದೆ. ಫೋಟೊ ತೆಗೆಯಬೇಡಿ, ತೆಗೆದು ಜಾಲತಾಣಕ್ಕೆ ಹಾಕುವುದಂತೂ ಬೇಡವೇ ಬೇಡ. ಫೋನ್ ನಂಬರ್ ಕೊಡುವುದು, ಪಡೆಯುವುದು, ಗಾಡಿಯಲ್ಲಿ ಮನೆಗೆ ಬಿಡುವುದು, ಒಂದು ಮಗುವಿಗೆ ಮಾತ್ರ ಉಡುಗೊರೆ ತರುವುದು ಯಾವುದೂ ಕೂಡದು.

ಮಗು ಯಾವತ್ತಾದರೂ ತನಗೆ ಯಾರೋ ಹಿಂಸೆ ಕೊಡುತ್ತಿದ್ದಾರೆ ಎನ್ನುವಂಥ ಮಾತು ಹೇಳಬಹುದು. ಆಗ ಸಮಾಧಾನವಾಗಿ ಕೇಳಿಸಿಕೊಳ್ಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ಕೆದಕಿ ಕೆದಕಿ ಪ್ರಶ್ನೆ ಕೇಳಿದರೆ ಮಗುವಿನ ಬಾಯಿಗೆ ನೀವೇ ಮಾತು ತುರುಕಿದಂತಾಗಿ ಮುಂದಿನ ವಿಚಾರಣೆಗೆ ತೊಂದರೆ. ಮಗು ಬಳಸಿದ ಮಾತುಗಳನ್ನೇ ಬರೆದಿಟ್ಟು, ಅದೇ ದಿನ, ಶಾಲೆಯಲ್ಲಿ ಈ ಹೊಣೆ ಹೊತ್ತವರಿಗೆ ತಿಳಿಸಿ. ಅವರು ಯಾರೆಂದು ಮೊದಲ ದಿನವೇ ಕೇಳಿ ತಿಳಿದಿರಬೇಕು.

ಮಗು ಎಲ್ಲಿದೆ ಎಂದು ತಿಳಿಯುವುದು

ಐದನೇ ತರಗತಿಯ ಮಗುವಿಗೆ ಐದನೇ ತರಗತಿಯ ಪುಸ್ತಕವನ್ನೇ ಹಿಡಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮೊದಲು ಮಟ್ಟ ನೋಡಿ. ಭಾರತದಲ್ಲಿ 2005ರಿಂದ ನಡೆದುಬಂದಿರುವ, ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ ಓದಿನ ಪರೀಕ್ಷೆ ಇದಕ್ಕೆ ಒಳ್ಳೆಯ ಮಾದರಿ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಶುರು ಮಾಡುವುದು ಪ್ಯಾರಾದಿಂದ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಬಿಡಿ ಪದಗಳಾಗಿ ಅಲ್ಲದೆ ವಾಕ್ಯವಾಗಿ ಓದಿದರೆ ಕಥೆ ಕೊಡಿ. ಆಗದಿದ್ದರೆ ಐದು ಪದ ಓದಿಸಿ. ನಾಲ್ಕು ಸರಿಯಾದರೆ ಮಗು ಪದದ ಹಂತದಲ್ಲಿದೆ. ಇಲ್ಲವಾದರೆ ಐದು ಅಕ್ಷರ ತೋರಿಸಿ ಕೇಳಿ. ಐದು ನಿಮಿಷದ ಕೆಲಸವಿದು. ‘ಪರೀಕ್ಷೆ’ ಎಂಬ ಮಾತನ್ನು ಮಾತ್ರ ಎತ್ತಬೇಡಿ.

ಪುಸ್ತಕ ಆರಿಸಲು ಇನ್ನೊಂದು ಅಳತೆ: 20 ಪದಗಳಲ್ಲಿ ಒಂದು ತಪ್ಪಿದರೆ ಪುಸ್ತಕ ಸಲೀಸು, ಮಗು ತಾನೇ ಓದಿಕೊಳ್ಳಬಲ್ಲದು. ಎರಡು ತಪ್ಪಿದರೆ ನಿಮ್ಮ ಜೊತೆ ಓದಲು ಸರಿಯಾದದ್ದು. ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ ಸುಮ್ಮನೆ ಬದಲಾಯಿಸಿ. ಅಷ್ಟು ಎಡವುವಾಗ ಮಗುವಿಗೆ ಅರ್ಥ ಕೈಗೆ ಸಿಗುವುದಿಲ್ಲ.

ಇಪ್ಪತ್ತು ನಿಮಿಷದಲ್ಲಿ ಏನೇನು

ಮೊದಲ ಎರಡು ನಿಮಿಷ ಮಾತು. ನಂತರ ಐದು ನಿಮಿಷ, ಕಳೆದ ಸಲ ಓದಿದ್ದನ್ನೇ ಮತ್ತೆ ಓದಿಸಿ. ‘ಓದಿದ್ದನ್ನೇ ಮತ್ತೇಕೆ’ ಎಂದು ಇದನ್ನು ಬಿಡುವವರು ಬಹಳ. ಓದಿಗೆ ಓಟ ಬರುವುದೇ ಮರು ಓದಿನಿಂದ, ‘ನನಗೂ ಬರುತ್ತದೆ’ ಎಂಬ ಧೈರ್ಯವೂ ಅಲ್ಲೇ ಹುಟ್ಟುತ್ತದೆ. ಹತ್ತು ನಿಮಿಷ ಹೊಸದು. ಕೊನೆಯ ಮೂರು ನಿಮಿಷ ಅಂದು ತೊಡಕಾದ ಎರಡು ಮೂರು ಪದಗಳನ್ನು ಬರೆಸುವುದು, ಇಲ್ಲವೇ ಚೀಟಿಯಲ್ಲಿ ಬರೆದು ಜೋಡಿಸುವ ಆಟ.

ಮಗು ತಡವರಿಸಿದಾಗ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಐದು ಸೆಕೆಂಡ್ ಸುಮ್ಮನಿರಿ. ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ, ತುಟಿ ಅಲ್ಲಾಡಿಸದೆ. ಬಹಳಷ್ಟು ಸಲ ಮಗು ಮೂರು ಎಣಿಸುವಷ್ಟರಲ್ಲಿ ತಾನೇ ಸರಿಮಾಡಿಕೊಳ್ಳುತ್ತದೆ. ಆಗದಿದ್ದರೆ ಸುಳಿವು ಕೊಡಿ: ‘ಈ ಅಕ್ಷರದ ಕೆಳಗೇನಿದೆ ನೋಡು’, ‘ಹಾಗೆ ಓದಿದರೆ ವಾಕ್ಯಕ್ಕೆ ಅರ್ಥ ಬರುತ್ತದಾ?’ ಆಗಲೂ ಬಾರದಿದ್ದರೆ ಪದವನ್ನು ಹೇಳಿಕೊಟ್ಟು ಮುಂದೆ ಹೋಗಿ. ನ್ಯೂಜಿಲೆಂಡ್‌ನಲ್ಲಿ ರೂಪುಗೊಂಡ ‘ತಾಳು, ಸುಳಿವು ಕೊಡು, ಮೆಚ್ಚು’ ಎಂಬ ಕ್ರಮದ ತಿರುಳು ಇದೇ. ತಕ್ಷಣ ಉತ್ತರ ಹೇಳುವವರ ಪಕ್ಕ ಕೂತ ಮಗು ನಾಲ್ಕೇ ದಿನದಲ್ಲಿ ಪುಸ್ತಕ ಬಿಟ್ಟು ಅವರ ಮುಖ ನೋಡಿ ಓದಲು ಕಲಿಯುತ್ತದೆ.

ಮೆಚ್ಚುಗೆಯೂ ಬಿಡಿಸಿ ಹೇಳಿದಂತಿರಲಿ. ‘ಜಾಣ, ವೆರಿ ಗುಡ್’ ಎಂದರೆ ಮಗುವಿಗೆ ಏನು ಸರಿಯಾಯಿತೆಂದು ತಿಳಿಯುವುದಿಲ್ಲ. ‘ತಪ್ಪಿದ್ದನ್ನು ನೀನೇ ಹಿಂದಕ್ಕೆ ಹೋಗಿ ಸರಿಮಾಡಿಕೊಂಡೆ’ ಎಂದರೆ ನಾಳೆಯೂ ಹಾಗೇ ಮಾಡುತ್ತದೆ.

ಕನ್ನಡ ಓದಿನಲ್ಲಿ ಎಡವುವ ಜಾಗಗಳು

ಮೊದಲನೆಯದು ಒತ್ತಕ್ಷರ. ಹೆಚ್ಚಿನ ವ್ಯಂಜನಗಳ ಒತ್ತು ಮೂಲ ಅಕ್ಷರದಿಂದ ತಲೆಕಟ್ಟು ತೆಗೆದ ರೂಪ. ಕ, ಗ, ಚ, ಟ, ದ, ಪ ಗೊತ್ತಿರುವ ಮಗು ಅವುಗಳ ಒತ್ತನ್ನೂ ಗುರುತಿಸುತ್ತದೆ. ಆದರೆ ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲದಂತಿಲ್ಲ. ಎಡವಟ್ಟೇನೆಂದರೆ ಮತ್ತು, ನನ್ನ, ಅಮ್ಮ, ಅಯ್ಯ, ಚಕ್ರ, ಇಲ್ಲ ಎಂದು ಪುಟಪುಟದಲ್ಲೂ ಸಿಗುವುದು ಇವೇ. ಒತ್ತು ಬರುವುದಿಲ್ಲ ಎಂದು ಹೆಸರಾದ ಮಗುವಿಗೆ ಎಷ್ಟೋ ಸಲ ಬಾರದಿರುವುದು ಈ ಆರು ಮಾತ್ರ. ಆರು ಚೀಟಿ ಮಾಡಿ, ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಒತ್ತು ಮತ್ತು ಒಂದು ಪದ ಬರೆಯಿರಿ. ದಿನಕ್ಕೆರಡು ಚೀಟಿ, ಅಷ್ಟೇ.

ಅರ್ಕಾವೊತ್ತು ಇನ್ನೊಂದು ಬಗೆ. ‘ಧರ್ಮ’ದಲ್ಲಿ ರಕಾರದ ಗುರುತು ಮಕಾರದ ನಂತರ ಕಣ್ಣಿಗೆ ಬೀಳುತ್ತದೆ, ಉಚ್ಚಾರದಲ್ಲಿ ಮೊದಲು ಬರುತ್ತದೆ. ಕಣ್ಣಿಗೆ ಬಿದ್ದ ಕ್ರಮದಲ್ಲೇ ಓದುವ ಮಗು ‘ಧಮರ’ ಎನ್ನುತ್ತದೆ, ‘ಸೂರ್ಯ’ವನ್ನು ‘ಸೂಯರ’ ಮಾಡುತ್ತದೆ. ನಗಬೇಡಿ, ಮಗು ಬರೆದಿರುವುದನ್ನೇ ಪ್ರಾಮಾಣಿಕವಾಗಿ ಓದುತ್ತಿದೆ. ಆ ಗುರುತಿನಿಂದ ಹಿಂದಿನ ಅಕ್ಷರದ ಮೊದಲಿಗೆ ಪೆನ್ಸಿಲಿನಲ್ಲಿ ಒಂದು ಬಾಣ ಎಳೆದು ತೋರಿಸಿ. ಹತ್ತು ಪದಗಳಲ್ಲಿ ಹಾಗೆ ಮಾಡಿದ ಮೇಲೆ ಬಾಣ ಅಳಿಸಿ ಓದಿಸಿ.

ದೀರ್ಘ ಬಿಟ್ಟು ಓದುವ ಮಕ್ಕಳಿಗೆ ಜೋಡಿ ಪದ ಕೊಡಿ: ಬೆಳೆ–ಬೇಳೆ, ಕೊಡು–ಕೋಡು, ಬಿಡು–ಬೀಡು, ಕರು–ಕಾರು. ಅರ್ಥ ಬದಲಾಗುವುದು ಕಂಡಾಗ ದೀರ್ಘದ ಕಡೆ ಗಮನ ತಾನಾಗಿ ಹೋಗುತ್ತದೆ. ದ–ಧ, ಬ–ಭ, ಪ–ಷ, ಮ–ವು ಹೋಲುವ ಅಕ್ಷರಗಳು. ಅವನ್ನು ಒಂದೇ ದಿನ ಒಟ್ಟಿಗೆ ಕಲಿಸಿದರೆ ಗೊಂದಲ ಗಟ್ಟಿಯಾಗುತ್ತದೆ. ಒಂದು ಸ್ಥಿರವಾದ ಮೇಲೆ ಇನ್ನೊಂದು.

ಇಲ್ಲೊಂದು ಎಚ್ಚರಿಕೆ. ಮಗು ‘ಹಾಲು’ ಎಂದು ಬರೆದಿರುವುದನ್ನು ‘ಆಲು’ ಎಂದರೆ ಅದು ಓದಿನ ತಪ್ಪಲ್ಲ, ಮನೆಮಾತಿನ ಉಚ್ಚಾರ. ಹ ಅಕ್ಷರವನ್ನು ಬೆರಳಿಟ್ಟು ತೋರಿಸಲು ಬಂದರೆ ಅದಕ್ಕೆ ಓದು ಬರುತ್ತದೆ. ಪ್ರತಿ ಪದಕ್ಕೂ ಉಚ್ಚಾರ ತಿದ್ದುತ್ತಾ ಕೂತರೆ ಮಗು ಬಾಯಿ ಮುಚ್ಚುತ್ತದೆ.

ಲೆಕ್ಕವನ್ನೂ ಕೇಳಿದರೆ

ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. 52ರಲ್ಲಿ 27 ಕಳೆದರೆ 35 ಎಂದು ಬರೆಯುವ ಮಗು ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದ್ದಕ್ಕೆ 7ರಿಂದ 2 ಕಳೆದಿದೆ. ನಿಯಮ ಹೇಳುವ ಬದಲು ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 27 ಕಡ್ಡಿ ಕೇಳಿ. ಒಂದು ಕಟ್ಟು ಬಿಚ್ಚದೆ ಗತಿಯಿಲ್ಲ ಎಂದು ಕೈಗೇ ತಿಳಿಯುತ್ತದೆ. ಇನ್ನೊಂದು, ‘ಮುನ್ನೂರ ನಾಲ್ಕು’ ಎಂದರೆ 3004 ಎಂದು ಬರೆಯುವುದು. ಕೇಳಿದ್ದನ್ನು ಕೇಳಿದಂತೆ, 300 ಮತ್ತು 4 ಎಂದು ಬರೆದ ಫಲ ಇದು. ನೂರು, ಹತ್ತು, ಬಿಡಿ ಎಂದು ಮೂರು ಮನೆ ಎಳೆದು ತುಂಬಿಸಿ. ಮನೆಗೆಲಸವನ್ನು ಮಾತ್ರ ನೀವು ಮಾಡಿಕೊಡಬೇಡಿ. ಮಗುವಿಗೆ ಏನು ಬಾರದು ಎಂದು ಟೀಚರಿಗೆ ತಿಳಿಯುವ ಒಂದು ದಾರಿ ಅದು.

ಒಂದು ನೋಟ್‌ಬುಕ್

ಮಗುವಿಗೊಂದು ಪುಟ, ಭೇಟಿಗೊಂದು ಸಾಲು: ತಾರೀಕು, ಓದಿದ ಪುಟ, ತೊಡಕಾದ ಪದ, ಮುಂದೇನು. ‘ಚೆನ್ನಾಗಿ ಓದಿದ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಯ ಒತ್ತು ಎರಡು ಸಲ ತಪ್ಪಿತು’ ಎಂದರೆ ಉಂಟು. ನೋಟ್‌ಬುಕ್ ಶಾಲೆಯಲ್ಲೇ, ಟೀಚರ ಮೇಜಿನ ಮೇಲೆ ಇರಲಿ. ಮನೆಗೆ ಒಯ್ಯಬೇಡಿ, ಮಗುವಿನ ಮನೆಯ ಸಂಗತಿಗಳನ್ನು ಅದರಲ್ಲಿ ಬರೆಯಬೇಡಿ.

ಎಲ್ಲಿ ಕೈಕೊಡುತ್ತದೆ

ಮೂರನೇ ಅಥವಾ ನಾಲ್ಕನೇ ವಾರ ಬೇಸರ ಬರುತ್ತದೆ. ಮಗು ಕಳೆದ ವಾರ ಓದಿದ್ದನ್ನೇ ಮರೆತಿರುತ್ತದೆ. ಅಭ್ಯಾಸದ ನಡುವೆ ದಿನಗಳ ಬಿಡುವು ಬಿದ್ದಾಗ ಸ್ವಲ್ಪ ಮರೆಯುವುದು, ನೆನಪಿಸಿಕೊಂಡಾಗ ಗಟ್ಟಿಯಾಗುವುದು ಕಲಿಕೆಯ ಕ್ರಮವೇ. ಹೆದರಿ ಪುಸ್ತಕ ಬದಲಿಸಬೇಡಿ. ಎಂಟು ವಾರವಾದರೂ ಮಗು ಅಕ್ಷರದ ಹಂತದಿಂದ ಕದಲದಿದ್ದರೆ, ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುತ್ತಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ ಟೀಚರಿಗೆ ಹೇಳಿ. ಕಣ್ಣು, ಕಿವಿ ಪರೀಕ್ಷೆ ಆಗಬೇಕಿರಬಹುದು. ‘ಇವನಿಗೆ ಇಂಥ ಸಮಸ್ಯೆ’ ಎಂದು ನೀವೇ ಹೆಸರಿಡಲು ಹೋಗಬೇಡಿ.

ಪಕ್ಕದ ಮಗುವಿನೊಂದಿಗೆ ಹೋಲಿಸುವುದು, ಟೀಚರು ಕಲಿಸಿದ ಕ್ರಮ ತಪ್ಪೆಂದು ಮಗುವಿನ ಎದುರೇ ಹೇಳುವುದು, ಓದಿದ್ದಕ್ಕೆಲ್ಲ ಮಿಠಾಯಿ ಹಂಚುವುದು ಕೂಡ ಕೆಲಸ ಕೆಡಿಸುತ್ತವೆ. ಬರಲಾಗದ ದಿನ ಹಿಂದಿನ ದಿನವೇ ತಿಳಿಸಿ, ಮಗುವಿಗೂ ಹೇಳಿಸಿ. ಬಾಗಿಲ ಕಡೆ ನೋಡುತ್ತಾ ಕೂತು ವಾಪಸು ಹೋದ ಮಗು ಮುಂದಿನ ಸಲ ಮನಸ್ಸಿಟ್ಟು ಓದುವುದಿಲ್ಲ.

ಬಿಡುವಾಗ

ಕೊನೆಯ ದಿನವನ್ನು ಮೂರು ವಾರ ಮೊದಲೇ ಮಗುವಿಗೂ ಟೀಚರಿಗೂ ಹೇಳಿ. ಮೊದಲ ದಿನ ಓದಿಸಿದ ಪ್ಯಾರಾವನ್ನೇ ಕೊನೆಯ ವಾರ ಮತ್ತೊಮ್ಮೆ ಓದಿಸಿ, ಎರಡರ ತಪ್ಪುಗಳ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರುವವರಿದ್ದರೆ ಎರಡು ಭೇಟಿಗೆ ಜೊತೆಯಲ್ಲಿ ಕೂರಿಸಿಕೊಳ್ಳಿ. ಎರಡನೇ ಸಲ ಓದು ಕೇಳುವವರು ಅವರಾಗಿರಲಿ, ನೀವು ಪಕ್ಕಕ್ಕೆ ಸರಿದು ಕೂತಿರಿ.