ಒಂದು ಜೀನ್ಸ್ ಪ್ಯಾಂಟಿನ ಲೆಕ್ಕ: ಬದಲಾಗುವ ಜಗತ್ತಿನಲ್ಲಿ ಬಳ್ಳಾರಿಯ ಸಣ್ಣ ಘಟಕ ನಿಲ್ಲುವ ಬಗೆ

ದೇಶದ ಸಮೃದ್ಧಿಯನ್ನು ಮರಳಿ ಪಡೆಯುವ ಮಾತು ಬಂದಾಗಲೆಲ್ಲ ಚರ್ಚೆ ದೆಹಲಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಲವು ವರ್ಷಗಳಿಂದ ಬಳ್ಳಾರಿಯ ಜೀನ್ಸ್ ಘಟಕಗಳ ಲೆಕ್ಕ ಬರೆಯುತ್ತಿರುವ ನನಗೆ ಕಂಡಂತೆ, ಸರಕು ಊರು ಬಿಡುವ ಮುನ್ನ ಅದರ ಮೇಲೆ ಇನ್ನೊಂದು ಹಂತದ ಕೆಲಸ ಇಲ್ಲಿಯೇ ನಡೆಯುವಂತೆ ನೋಡಿಕೊಳ್ಳುವುದು ಆ ಚರ್ಚೆಯ ಅರ್ಧಕ್ಕಿಂತ ಹೆಚ್ಚು ಭಾಗ. ಹತ್ತಿಪ್ಪತ್ತು ಮಷಿನ್ ಇಟ್ಟುಕೊಂಡು ಹೊಲಿಗೆ ನಡೆಸುವವರು ಇದನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಚ್ಚಾ ಸರಕನ್ನು ಮಾತ್ರ ನಂಬಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಗೆ ಬೇರೆಯವರು ಹೇಳಬೇಕಾಗಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು, ಸಂಡೂರು ಹೊಸಪೇಟೆಗಳ ರಸ್ತೆಗಳು ಕೆಂಪು ಧೂಳಿನಲ್ಲಿ ಮುಳುಗಿದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಅವನ್ನು ಮಾರಿದರು. ಅದೇ ಅದಿರು ತೋರಣಗಲ್ಲಿನಲ್ಲಿ ಉಕ್ಕಾದಾಗ ಉಳಿದ ಸಂಬಳ, ಬಂದರಿಗೆ ಹೋದ ಅದಿರಿನಿಂದ ಉಳಿಯಲಿಲ್ಲ.

ಹಾಗಾಗಿ ಮೊದಲು ನಿಮ್ಮ ಸರಕಿನ ಹಂತಗಳ ಲೆಕ್ಕ ಹಾಕಿ. ರಾಯಚೂರಿನ ಮಾರುಕಟ್ಟೆಗೆ ಬರುವ ಒಂದು ಕ್ವಿಂಟಲ್ ಹತ್ತಿಯನ್ನು ತೆಗೆದುಕೊಳ್ಳೋಣ. ಉದ್ದ ಎಳೆಯ ಹತ್ತಿಗೆ 2025-26ರ ಬೆಂಬಲ ಬೆಲೆ 8,110 ರೂಪಾಯಿ. ಜಿನ್ನಿಂಗ್ ಮಾಡಿದರೆ ಸುಮಾರು 34 ಕೆಜಿ ಅರಳೆ ಸಿಗುತ್ತದೆ, ಉಳಿದದ್ದು ಬಹುಪಾಲು ಬೀಜ. ನೂಲುವಾಗ ಆಗುವ ನಷ್ಟ ಕಳೆದು, ಒಂದು ಪ್ಯಾಂಟಿಗೆ ಮುಕ್ಕಾಲು ಕೆಜಿಯಷ್ಟು ಬಟ್ಟೆ ಹಿಡಿದರೆ ಹೆಚ್ಚೆಂದರೆ 40 ಪ್ಯಾಂಟ್ ಆಗುತ್ತವೆ. ಅಂದರೆ ಒಂದು ಪ್ಯಾಂಟಿನಲ್ಲಿ ರೈತನ ಪಾಲು ಸುಮಾರು 200 ರೂಪಾಯಿ; ಹತ್ತಿಬೀಜದ ಬೆಲೆ ಕಳೆದರೆ ಇನ್ನೂ ಕಡಿಮೆ. ಆ ಹತ್ತಿ ದೂರದ ಗಿರಣಿಗಳಿಗೆ ಹೋಗುತ್ತದೆ, ಡೆನಿಮ್ ಬಟ್ಟೆ ಅಹಮದಾಬಾದಿನ ಕಡೆಯಿಂದ ಥಾನುಗಳಲ್ಲಿ, ಅಂದರೆ ದೊಡ್ಡ ಸುರುಳಿಗಳಲ್ಲಿ, ನಮ್ಮೂರಿಗೆ ಬರುತ್ತದೆ. ನಡುವಿನ ನೂಲು, ನೇಯ್ಗೆ, ಬಣ್ಣ ಎಲ್ಲವೂ ಹೊರಗೆ. ನಿಮ್ಮ ಘಟಕದ ಪುಸ್ತಕದಲ್ಲಿಯೂ ಇದೇ ರೀತಿ ಬಟ್ಟೆ, ಜಿಪ್ಪು, ಗುಂಡಿ, ದಾರ, ಹೊಲಿಗೆ ಕೂಲಿ, ವಾಷಿಂಗ್ (ಹೊಲಿದ ಪ್ಯಾಂಟನ್ನು ತೊಳೆದು ಬಣ್ಣ ಹದಗೊಳಿಸುವ ಕೆಲಸ), ಸಾಗಣೆ ಎಂದು ಒಂದು ಪೀಸಿನ ವೆಚ್ಚವನ್ನು ಬಿಡಿಸಿ ಬರೆದು, ಎದುರಿಗೆ ಆ ಹಣ ಯಾವ ಊರಿಗೆ ಹೋಯಿತೆಂದು ನಮೂದಿಸಿ. ಒಂದು ಸಂಜೆಯ ಕೆಲಸವಿದು. ಮಾಡಿದವರು ಮಾತ್ರ ಬಹಳ ಕಡಿಮೆ.

ನೂಲಿನ ಗಿರಣಿ ಕಟ್ಟುವುದು ನಮ್ಮ ಕೈಲಾಗದ ಮಾತು. ನಮ್ಮ ಕೈಗೆ ಸಿಗುವ ಹಂತವೆಂದರೆ ಗುಣಮಟ್ಟ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಆರ್ಡರ್‌ಗಳು ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಹೊಸ ಥಾನು ಬಂದ ಕೂಡಲೇ ಕಟಿಂಗ್‌ಗೆ ಇಳಿಯಬೇಡಿ. ಪ್ರತಿ ಥಾನಿನಿಂದ ಒಂದು ತುಂಡು ಕತ್ತರಿಸಿ, ಅದರ ಮೇಲೆ ಅಳಿಸದ ಮಾರ್ಕರ್‌ನಿಂದ ಉದ್ದಗಲ 50 ಸೆಂ.ಮೀ. ಚೌಕ ಗುರುತಿಸಿ, ಆರ್ಡರ್‌ಗೆ ಮಾಡುವ ವಾಷ್‌ಗೇ ಹಾಕಿ, ಒಣಗಿಸಿ, ಮತ್ತೆ ಅಳೆಯಿರಿ. ಉದ್ದ 48 ಸೆಂ.ಮೀ. ಆಗಿದ್ದರೆ ಕುಗ್ಗುವಿಕೆ ಶೇ 4. ಪ್ಯಾಟರ್ನ್ ಅನ್ನು ಆ ಲೆಕ್ಕಕ್ಕೆ ಹಿಗ್ಗಿಸಬೇಕು. ಸ್ಟ್ರೆಚ್ ಡೆನಿಮ್‌ನಲ್ಲಿ ಅಗಲದ ಕಡೆಗೆ ಇದಕ್ಕಿಂತ ಬಹಳ ಹೆಚ್ಚು ಕುಗ್ಗುತ್ತದೆ. ಇದೇ ತುಂಡುಗಳನ್ನು ಒಂದರ ಪಕ್ಕ ಒಂದು ಹೊಲಿದು ಒಟ್ಟಿಗೆ ವಾಷ್ ಮಾಡಿದರೆ ಯಾವ ಥಾನಿನ ಬಣ್ಣ ಯಾವುದಕ್ಕೆ ಹೊಂದುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ಬಣ್ಣ ಹೊಂದುವ ಥಾನುಗಳನ್ನಷ್ಟೇ ಕತ್ತರಿಸಲು ಒಂದರ ಮೇಲೊಂದು ಹಾಸಿ ಒಂದು ಲೇ ಮಾಡಿ. ಒಂದು ಕಾಲು ಕಪ್ಪು ನೀಲಿ, ಇನ್ನೊಂದು ಕಾಲು ತಿಳಿ ನೀಲಿ ಆದ ಪ್ಯಾಂಟನ್ನು ನಮ್ಮ ಸಂತೆಯಲ್ಲಿ ಚೌಕಾಸಿ ಮಾಡಿ ಮಾರಬಹುದು, ಹೊರದೇಶದ ಖರೀದಿದಾರ ಇಡೀ ಲಾಟ್ ಹಿಂದಿರುಗಿಸುತ್ತಾನೆ.

ರಫ್ತಿನ ಕಾಗದಪತ್ರಗಳು ಜನ ಹೆದರುವಷ್ಟು ಕಷ್ಟವಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ಆಮದು-ರಫ್ತು ಸಂಖ್ಯೆ ಪಡೆಯಿರಿ. ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿ ತಾಣದಲ್ಲಿ ಪ್ರತಿ ಆರ್ಥಿಕ ವರ್ಷಕ್ಕೂ ಹೊಸದಾಗಿ ಮುಚ್ಚಳಿಕೆ ಪತ್ರ ಸಲ್ಲಿಸಬೇಕು. ಸುಂಕಕ್ಕಾಗಿ ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಗಂಡಸರ ಹತ್ತಿ ಪ್ಯಾಂಟು ಶೀರ್ಷಿಕೆ 6203 42ರ ಅಡಿ ಬರುತ್ತದೆ. ಆ ಸಂಖ್ಯೆ ತಿಳಿದಿದ್ದರೆ ಯಾವ ದೇಶ ಎಷ್ಟು ಸುಂಕ ಹಾಕುತ್ತದೆಂಬುದನ್ನು ನೀವೇ ಹುಡುಕಬಹುದು.

ಆ ಸುಂಕವೇ ಇಂದಿನ ಜಗತ್ತಿನ ದೊಡ್ಡ ಅನಿಶ್ಚಯ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ಆ ಒಂದೇ ಮಾರುಕಟ್ಟೆಯನ್ನು ನಂಬಿದ್ದವರು ರಾತ್ರೋರಾತ್ರಿ ಕಂಗಾಲಾದರು. ಅದೇ ತಿಂಗಳು ಕೇಂದ್ರ ಸರ್ಕಾರ ಹತ್ತಿಯ ಮೇಲಿನ ಶೇ 11ರ ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು: ಗಿರಣಿಗೆ ಅನುಕೂಲ, ರಾಯಚೂರಿನ ರೈತನಿಗೆ ಆತಂಕ. ಬಾಗಿಲು ಮುಚ್ಚುವುದು ಹೊರಗಿನವರೇ ಆಗಬೇಕೆಂದಿಲ್ಲ. 2023ರ ಜುಲೈನಲ್ಲಿ ನಮ್ಮ ಸರ್ಕಾರವೇ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿ, 2024ರ ಸೆಪ್ಟೆಂಬರ್‌ವರೆಗೆ ತೆರೆಯಲಿಲ್ಲ ಎಂಬುದನ್ನು ಗಂಗಾವತಿಯ ಅಕ್ಕಿ ಗಿರಣಿಯವರು ಮರೆತಿರಲಾರರು. ಆದ್ದರಿಂದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ಸರಕನ್ನು ಒಂದೇ ದೇಶಕ್ಕೆ ಅಥವಾ ಒಬ್ಬನೇ ಖರೀದಿದಾರನಿಗೆ ಮೀಸಲಿಡಬೇಡಿ ಎಂಬುದು ನನ್ನ ಸಲಹೆ. ಮೊದಲ ಸಲ ರಫ್ತು ಮಾಡುವವರಿಗೆ ಯುಎಇ ಒಳ್ಳೆಯ ಬಾಗಿಲು: 2022ರ ಮೇ 1ರಿಂದ ಜಾರಿಯಲ್ಲಿರುವ ಒಪ್ಪಂದದ ಪ್ರಕಾರ, ಸರಕು ಭಾರತದಲ್ಲೇ ತಯಾರಾದದ್ದೆಂಬ ಮೂಲ ಪ್ರಮಾಣಪತ್ರ ಇದ್ದರೆ ಸಿದ್ಧ ಉಡುಪಿಗೆ ಅಲ್ಲಿ ಸುಂಕವಿಲ್ಲ.

ಇನ್ನು ಉದ್ರಿ. ನಮ್ಮ ಘಟಕಗಳನ್ನು ಕೊಲ್ಲುತ್ತಿರುವುದು ಜಾಗತಿಕ ಆರ್ಥಿಕತೆಗಿಂತ ಹೆಚ್ಚಾಗಿ ಇದೇ ಎಂದು ನಾನು ಹೇಳಿದರೆ ಅತಿಶಯೋಕ್ತಿ ಎನ್ನಬೇಡಿ. ನಾನೇ ಒಮ್ಮೆ ಪಾಲುದಾರನಾಗಿದ್ದ ಘಟಕದಿಂದ ಹೊರರಾಜ್ಯದ ಸಗಟು ವ್ಯಾಪಾರಿಯೊಬ್ಬರಿಗೆ ದಸರೆಗೆ ಮುಂಚೆ ಸರಕು ಹೋಯಿತು. ಒಪ್ಪಂದವೆಂದರೆ ಚೀಟಿಯ ಹಿಂಬದಿ ಪೆನ್ಸಿಲಿನಲ್ಲಿ ಬರೆದ ಪೀಸುಗಳ ಸಂಖ್ಯೆ ಮತ್ತು ಒಂದು ಸಹಿ, ದಿನಾಂಕವಿಲ್ಲ, ಗಡುವಿಲ್ಲ. ಹಣ ಬಂದದ್ದು ಮರುವರ್ಷದ ಯುಗಾದಿ ಕಳೆದ ಮೇಲೆ, ಅದೂ ‘ಡ್ಯಾಮೇಜ್’ ಎಂದು ಒಂದಷ್ಟು ಮುರಿದುಕೊಂಡು. ಅಷ್ಟರಲ್ಲಿ ಇಬ್ಬರು ಟೈಲರ್‌ಗಳು ಬೆಂಗಳೂರಿಗೆ ಹೋಗಿದ್ದರು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆ ಅಂದೂ ಇತ್ತು, ನಮಗೆ ಗೊತ್ತಿರಲಿಲ್ಲ. ಅದರ ಪ್ರಕಾರ ಬರಹದ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ; ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರ ಆರ್ಥಿಕ ವರ್ಷದಿಂದ, ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರ ತನ್ನ ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ತೋರಿಸುವಂತಿಲ್ಲ, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ತೋರಿಸಬಹುದು; ಮಾರ್ಚ್ ಹತ್ತಿರವಾದಂತೆ ಫೋನ್ ಮಾಡಿದರೆ ಈ ಮಾತು ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ, ಸರಕು ತಲುಪಿದ ದಿನಾಂಕ, ಪಾವತಿಯ ಗಡುವು ಮುದ್ರಿಸಿ, ಸ್ವೀಕರಿಸಿದವರ ಸಹಿ ಪಡೆಯಿರಿ. ವಿದೇಶಿ ಖರೀದಿದಾರನಿಗೆ ಈ ಕಾಯ್ದೆ ಅನ್ವಯಿಸದು. ಅಲ್ಲಿ ಮುಂಗಡ ಹಣ ಇಲ್ಲವೇ ರಫ್ತು ಸಾಲ ಖಾತರಿ ನಿಗಮದ ವಿಮೆ ಬೇಕೇಬೇಕು.

ನೀರಿನ ಮಾತನ್ನು ಒಂಟಿ ಘಟಕ ಬಗೆಹರಿಸಲಾಗದು. ವಾಷಿಂಗ್‌ನ ಕೊಳಕು ನೀರು ಶುದ್ಧವಾಗದೆ ಚರಂಡಿಗೆ ಹರಿಯುವವರೆಗೆ ದೊಡ್ಡ ಬ್ರಾಂಡುಗಳು ಇತ್ತ ತಿರುಗಿ ನೋಡವು. ಹತ್ತಾರು ಘಟಕಗಳು ಸೇರಿ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಒತ್ತಾಯಿಸಬೇಕು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಪರಿಸರಕ್ಕೂ ಕೌಶಲ ತರಬೇತಿಗೂ ಅವಕಾಶವಿದೆ. ಅದಿರಿನ ರಾಜಧನದ ಜೊತೆಗೆ ಬಂದ ಹಣ ಹೊಲಿಗೆ ಕಲಿಯುವವರ ಕೈಗೆ ಹೋಗಲಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಮನವಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಸಂಘದ ಹೆಸರಿನಲ್ಲಿ, ಯೋಜನೆ ಮತ್ತು ಅಂದಾಜು ವೆಚ್ಚದೊಂದಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಕೊನೆಯದಾಗಿ ಒಂದು ದಿನಾಂಕ. ಆಮದು-ರಫ್ತು ಸಂಖ್ಯೆಯ ವಿವರದಲ್ಲಿ ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ಅದನ್ನು ಜಾಲತಾಣದಲ್ಲಿ ದೃಢಪಡಿಸಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗಿ, ಕಟ್ಟಿಟ್ಟ ಪೆಟ್ಟಿಗೆಗಳು ಬಂದರಿನಲ್ಲಿ ಕೂರುತ್ತವೆ. ಯುಗಾದಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವ ವಾರದಲ್ಲಿಯೇ, ಜಿಎಸ್‌ಟಿ ಮುಚ್ಚಳಿಕೆಯ ಜೊತೆಗೆ ಈ ಕೆಲಸವನ್ನೂ ಬರೆದಿಟ್ಟುಕೊಳ್ಳಿ.